ಅಂಗಡಿ ನೀರು ಕೊಟ್ಟ ಮನೆ

ಅಜೀಮ್ ಊರು, ಜೆರ್ಬಾ ದ್ವೀಪ
3 ಸೆಪ್ಟೆಂಬರ್ 1991

ಮಬ್ರೂಕ್ ಮಾವನಿಗೆ ಸಲಾಮ್.

ಈ ಕೈಬರಹದ ಗುರುತು ನಿಮಗೆ ಸಿಗುವುದಿಲ್ಲ. ನಾನು ರೌದಾ, ಅಕ್ಟೋಪಸ್ ಹಿಡಿಯುತ್ತಿದ್ದ ಖಲೀಫಾನ ಮಗಳು. ಹನ್ನೆರಡು ವರ್ಷದ ಹಿಂದೆ ನಮ್ಮ ಮನೆ ಕಟ್ಟಿದ ಮೇಸ್ತ್ರಿ ನೀವು. ಆಗ ನನಗೆ ಹದಿಮೂರು. ಹಸಿ ಸುಣ್ಣದ ಮೇಲೆ ಹೆಸರು ಗೀಚಿದ್ದಕ್ಕೆ ಕರಣೆ ಹಿಡಿದು ಬೀದಿಯ ಕೊನೆಯವರೆಗೂ ಅಟ್ಟಿಸಿಕೊಂಡು ಬಂದಿದ್ದಿರಿ. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ನೀವು ಮಣ್ಣಿಗೆ ಬರಲಿಲ್ಲ. ಅದನ್ನು ಕೇಳುವುದಕ್ಕಾಗಿ ಬರೆಯುತ್ತಿಲ್ಲ.

ಮನೆ ಮಾರಬೇಕಾಗಿದೆ. ನನ್ನ ಗಂಡ ನೆಜೀಬ್‌ಗೆ ಗಾಬಿಸ್‌ನ ಬಂದರಿನಲ್ಲಿ ಕೆಲಸ. ಭಾನುವಾರ ಮಾತ್ರ ಮನೆಗೆ ಬರುತ್ತಾನೆ. ಅಲ್ಲಿ ಒಂದು ಫ್ಲಾಟ್ ನೋಡಿದ್ದೇವೆ. ನಲ್ಲಿಯಲ್ಲಿ ನೀರು ಬರುತ್ತದೆ, ನೆಲದಲ್ಲಿ ಎಲ್ಲೂ ತೂತಿಲ್ಲ. ಅದರ ಒಡೆಯ ಡಿಸೆಂಬರ್ ಕೊನೆಯವರೆಗೆ ಕಾಯುತ್ತೇನೆ ಎಂದಿದ್ದಾನೆ. ಮಗಳು ತಸ್ನೀಮ್‌ಗೆ ಆರು ತಿಂಗಳು. ಹೋದ ವಾರ ತೆವಳಲು ಕಲಿತಳು. ಅಂದಿನಿಂದ ನನಗೆ ನಿದ್ದೆಯಿಲ್ಲ. ನಿಮಗೆ ನೆನಪಿರಬೇಕು, ಅಂಗಳದ ನಡುವೆ ಛಾವಣಿಯ ಮಳೆನೀರು ಇಳಿಯುವ ನೆಲದಡಿಯ ತೊಟ್ಟಿಗೆ ಇಂದಿಗೂ ಬಾವಿಕಟ್ಟೆಯಂಥ ಬಾಯಿಕಲ್ಲಿಲ್ಲ. ನೆಲದ ಮಟ್ಟಕ್ಕೇ ತೆರೆದಿದೆ, ಮೇಲೊಂದು ಹಲಗೆ. ಹಾಸಿಗೆಯಿಂದ ಆ ಹಲಗೆಗೆ ನನ್ನ ಹನ್ನೊಂದು ಹೆಜ್ಜೆ. ಅವಳ ತೆವಳಿಕೆಯಲ್ಲಿ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕುತ್ತಾ ಮಲಗಿರುತ್ತೇನೆ.

ಇನ್ನು ನನ್ನ ತಪ್ಪು. ಹೋದ ತಿಂಗಳು ಹಜ್ಜಾ ಮನ್ನೂಬಿಯಾ ಮನೆ ನೋಡಲು ಬಂದಳು. ಹಜ್ ಮುಗಿಸಿ ಬಂದ ವಿಧವೆ, ಕೈಯಲ್ಲಿ ಹಣ ಸಿದ್ಧ, ಸೊಂಟನೋವು ಬಿಟ್ಟರೆ ಬೇರೆ ರಗಳೆಯಿಲ್ಲದವಳು. ಅಂಗಳಕ್ಕೆ ಕಾಲಿಟ್ಟವಳೇ, “ಒಂದು ಲೋಟ ನೀರು ಕೊಡು ಮಗಳೇ” ಎಂದಳು. ನಮ್ಮ ದ್ವೀಪದಲ್ಲಿ ಮನೆ ಕೊಳ್ಳುವವರು ಮೊದಲು ನೋಡುವುದು ಕೋಣೆಗಳನ್ನಲ್ಲ, ತೊಟ್ಟಿಯ ನೀರಿನ ರುಚಿಯನ್ನು ಎಂಬುದು ನನಗೆ ಗೊತ್ತಿಲ್ಲವೇ? ಗೊತ್ತು. ಆದರೆ ಬಸುರಿಯಾದಾಗಿನಿಂದ ನಾನು ಆ ನೀರು ಮುಟ್ಟಿಲ್ಲ. ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದವಳು; ಸೂಕ್ಷ್ಮದರ್ಶಕದಲ್ಲಿ ನೀರಿನ ಹನಿಯೊಳಗೆ ಓಡಾಡುವುದನ್ನೆಲ್ಲ ಕಂಡವಳು. ಕೈ ತಾನಾಗಿ ಬಾಟಲಿ ನೀರಿಗೆ ಹೋಯಿತು. ಅಷ್ಟೇ ಅಲ್ಲ, ಶುದ್ಧವಾಗಿದೆ ಎಂದು ತೋರಿಸಲು ಅವಳ ಎದುರಿಗೇ ಮುಚ್ಚಳ ಟಕ್ ಎಂದು ಮುರಿದೆ.

“ನಿಮ್ಮ ತೊಟ್ಟಿಗೆ ಏನಾಗಿದೆ?”

“ಏನೂ ಆಗಿಲ್ಲ ಹಜ್ಜಾ.”

“ಏನೂ ಆಗದ ಮನೇಲಿ ಬಂದವರಿಗೆ ಅಂಗಡಿ ನೀರು ಕೊಡ್ತಾರೇನೆ?”

ಲೋಟ ಮುಟ್ಟಲೇ ಇಲ್ಲ. ಎದ್ದು ಹೋದಳು. ಸಂಜೆ ಬ್ರೆಡ್ ಸಾಲಿನಲ್ಲಿ ನಮ್ಮದು ‘ತೊಟ್ಟಿ ಕೆಟ್ಟ ಮನೆ’ ಆಗಿತ್ತು. ಆಮೇಲೆ ಯಾರೂ ನೋಡಲು ಬಂದಿಲ್ಲ.

ಅಪ್ಪ ‘ಬರೋ ವರ್ಷ’ ಎಂದು ಬಿಟ್ಟದ್ದನ್ನೆಲ್ಲ ಮುಗಿಸಿಬಿಡೋಣ ಎಂದು ಊರಿನ ಮೇಸ್ತ್ರಿಯನ್ನು ಕರೆಸಿದೆ. ಅವನು ತೊಟ್ಟಿಯ ಬಾಯಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. “ಇದು ಮಬ್ರೂಕನ ಕೈಕೆಲಸ. ಅವನು ಬೇಕಂತಲೇ ಬಿಟ್ಟು ಹೋಗಿರೋದು. ನಾನು ಮುಟ್ಟಲ್ಲ.” ಯಾಕೆ ಎಂದರೆ ಹೇಳಲಿಲ್ಲ. ನೀವಾದರೂ ಹೇಳಿ. ಆದರೆ ಬಂದೇ ಹೇಳಿ.

ಇಂತಿ,
ರೌದಾ

*

ಜರ್ಜೀಸ್
12 ಸೆಪ್ಟೆಂಬರ್ 1991

ರೌದಾಗೆ,

ಇವರಿಗೆ ಬರೆಯಲು ಬರುವುದಿಲ್ಲ. ಇವರು ಹೇಳುತ್ತಾರೆ, ನಾನು, ಇವರ ಹೆಂಡತಿ ಶಾದ್ಲಿಯಾ, ಬರೆಯುತ್ತೇನೆ. ಸುಳ್ಳು ಹೇಳಿದಲ್ಲಿ ಕಂಸ ಹಾಕುತ್ತೇನೆ.

“ಬರಿ. ಮನೆಯ ಕೊನೇ ಕಲ್ಲು ಇಡೋ ದಿನ ಮನೆಯೊಡೆಯ ಮೇಸ್ತ್ರಿಗೆ ಛಾವಣಿ ಮೇಲೆ ಕೂರಿಸಿ ಊಟ ಹಾಕ್ಬೇಕು. ನಮ್ಮಪ್ಪನ ಕಾಲದಿಂದ ನಡೆದುಬಂದದ್ದು. ಕಲ್ಲು ಕೆತ್ತಿ ರೆಡಿ ಮಾಡಿ ಖಲೀಫಾನಿಗೆ ಹೇಳಿಕಳಿಸಿದೆ. ಅವನು ‘ಕುರಿ ಕಡೀಬೇಕು, ಸ್ವಲ್ಪ ತಡಿ’ ಅಂದ. ತಡೆದೆ. ಹಬ್ಬ ಬಂತು, ಹೋಯ್ತು. ಮುಂದಿನ ಹಬ್ಬಾನೂ ಹೋಯ್ತು. ಕರೀಲಿಲ್ಲ. ಕುರಿ ಮಾಂಸ ನನ್ನ ಹಲ್ಲಿಗೆ ಮೊದಲೇ ಆಗಲ್ಲ. ಅವನ ಕೈಯ ಅಕ್ಟೋಪಸ್ ಕುಸ್ಕುಸ್ ಹಾಕಿದ್ದರೆ ಎರಡು ತಟ್ಟೆ ತಿಂತಿದ್ದೆ. ಆದ್ರೆ ಕರೀಬೇಕಲ್ಲ? ಕರೀದೇ ಹೋಗಿ ಕಲ್ಲು ಇಟ್ಟುಬರೋಕೆ ನಾನೇನು ಭಿಕ್ಷುಕನಾ? ಅವನು ಸತ್ತ ಸುದ್ದಿ ನನಗೆ ತಡವಾಗಿ ಗೊತ್ತಾಯ್ತು.”

(ಅದೇ ದಿನ ಗೊತ್ತಾಯಿತು. ಒಳ್ಳೆಯ ಅಂಗಿ ಹಾಕಿಕೊಂಡು ಬಸ್ ಹತ್ತಿದರು. ದ್ವೀಪಕ್ಕೆ ಹೋಗುವ, ಸಮುದ್ರದ ನಡುವಿನ ಕಟ್ಟೆದಾರಿಯ ಈಚೆ ದಡದಲ್ಲೇ ಇಳಿದು, ಮಧ್ಯಾಹ್ನದವರೆಗೆ ಕೂತಿದ್ದು ವಾಪಸ್ ಬಂದರು.)

“ಬಾಯಿಕಲ್ಲು ಎಲ್ಲಿದೆಯೋ ಏನೋ, ನೆನಪಿಲ್ಲ.”

(ನನ್ನ ಅಂಗಳದಲ್ಲಿದೆ. ಹನ್ನೆರಡು ವರ್ಷದಿಂದ ಅದರಲ್ಲಿ ಪುದೀನ ಬೆಳೆಸುತ್ತಿದ್ದೇನೆ.)

“ಆ ಓದಿದವಳಿಗೆ ಎರಡೇ ಪ್ರಶ್ನೆ. ಒಂದು, ಛಾವಣಿಗೆ ಸಿಮೆಂಟ್ ಏನಾದ್ರೂ ಬಳಿದಿದ್ದಾಳಾ? ಬಳಿದಿದ್ದರೆ ದೇವರೇ ಗತಿ. ಎರಡು, ತೊಟ್ಟಿ ಬರಿದು ಮಾಡಿ ಒಳಗೆ ಇಳಿದು ನೋಡಿದ್ದಾಳಾ? ಬರ್ತೀನಿ ಅಂತ ಬರೀಬೇಡ. ಬರಲ್ಲ ಅಂತಲೂ ಬರೀಬೇಡ.”

ಅದಕ್ಕೇ ಎರಡನ್ನೂ ಬರೆದಿದ್ದೇನೆ.

ಮಗುವಿನ ಹಣೆಗೊಂದು ಮುತ್ತು,
ಶಾದ್ಲಿಯಾ (ಮತ್ತು ಮಬ್ರೂಕ್)

*

ಅಜೀಮ್
24 ಸೆಪ್ಟೆಂಬರ್ 1991

ಮಬ್ರೂಕ್ ಮಾವನಿಗೆ, ಶಾದ್ಲಿಯಾ ಚಿಕ್ಕಮ್ಮನಿಗೆ,

ನಿಮ್ಮ ಕಾಗದ ಓದಿದ ದಿನವೇ ಒಂದು ಉತ್ತರ ಬರೆದೆ. ಮಾರನೆಯ ದಿನ ಅದನ್ನು ಹರಿದೆ. ಇದು ಎರಡನೆಯದು.

ಹೌದು, ಸಿಮೆಂಟ್ ಬಳಿಸಿದೆ. ಅಂಗಡಿಯವನು ಹತ್ತು ವರ್ಷ ತಿರುಗಿ ನೋಡಬೇಕಾಗಿಲ್ಲ ಎಂದ. ಮೂರೇ ವಾರದ ಬಿಸಿಲಿಗೆ ಗೆರೆ ಗೆರೆಯಾಗಿ ಸೀಳಿತು. ನಿಮ್ಮ ಕಾಗದ ಬಂದ ಮೇಲೆ ಕೂಲಿಯವರನ್ನು ಹಚ್ಚಿ ಕೆರೆಸಿದೆ. ನಾನೂ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಒಂದು ಮೂಲೆ ಕೆರೆದೆ. ಕೆಳಗೆ ನಿಮ್ಮ ಹಳೆಯ ಸುಣ್ಣ ಹಾಗೇ ಇದೆ. ನನ್ನ ಹೆಸರೂ ಇದೆ.

ತೊಟ್ಟಿ ಬರಿದು ಮಾಡಿಸಿದೆ. ನೆಜೀಬ್ ಲಾಂದ್ರ ಹಿಡಿದು ಇಳಿದ. ಗೋಡೆಯಲ್ಲಿ ಒಂದೂ ಬಿರುಕಿಲ್ಲ. “ಒಳಗೆ ಮಸೀದಿ ಇದ್ದಂಗಿದೆ ಕಣೇ!” ಎಂದು ಕೂಗಿದ. ತಳದ ಕೆಸರಿನಲ್ಲಿ ಒಂದು ಚಹಾ ಕೆಟಲಿನ ಮುಚ್ಚಳ ಸಿಕ್ಕಿತು. ಹದಿಮೂರನೇ ವಯಸ್ಸಿನಲ್ಲಿ ನಾನೇ ಬೀಳಿಸಿ ತಪ್ಪನ್ನು ಬೆಕ್ಕಿನ ಮೇಲೆ ಹಾಕಿದ್ದೆ. ಪಾಪ, ಬೆಕ್ಕಿಗೆ ಎರಡು ದಿನ ಮೀನಿನ ತಲೆ ತಪ್ಪಿತ್ತು.

ಒಂದು ವಿಷಯ ನಿಮಗೆ ತಿಳಿಯದೆ ಇರಬಹುದು. ಮನೆ ಕಟ್ಟಿದ ಮರುವರ್ಷ ಅಪ್ಪ ಕುರಿ ತಂದಿದ್ದ. ಕಪ್ಪು ಮುಖದ್ದು. ಅಂಗಳದಲ್ಲಿ ಎರಡು ದಿನ ಕಟ್ಟಿತ್ತು. ನಾನು ಅದಕ್ಕೆ ಅಂಜೂರದ ಎಲೆ ತಿನ್ನಿಸಿದ್ದೆ. ಯಾರಿಗಾಗಿ ಎಂದು ಕೇಳಿದರೆ “ಮೇಸ್ತ್ರಿ ಬರ್ತಾನೆ” ಎಂದಿದ್ದ. ಮೂರನೆಯ ದಿನ ಅಮ್ಮನ ಕಾಯಿಲೆ ಜೋರಾಯಿತು. ಕುರಿಯನ್ನು ಮಾರಿ, ಆ ಹಣದಲ್ಲಿ ಅಮ್ಮನನ್ನು ದೋಣಿಯಲ್ಲಿ ದಾಟಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಒಬ್ಬನೇ ವಾಪಸ್ ಬಂದ. ಆಮೇಲೆ ಮನೆಯಲ್ಲಿ ಕುರಿಯ ಮಾತು ಬರಲಿಲ್ಲ. ತೊಟ್ಟಿಯ ಹಲಗೆ ಮಾತ್ರ ಎರಡು ಸಲ ಬದಲಾಯಿತು.

ಈಗ ಅಪ್ಪನ ಬದಲು ನಾನು ಕರೆಯುತ್ತಿದ್ದೇನೆ. ಕೊನೆಯ ಕಲ್ಲು ಇಡಲು ಬನ್ನಿ. ಛಾವಣಿಯ ಮೇಲೆ ಊಟ. ಕುರಿಯಿಲ್ಲ. ಒಣಗಿಸಿದ ಅಕ್ಟೋಪಸ್ ಇದೆ.

ಇಂತಿ,
ಖಲೀಫಾನ ಮಗಳು ರೌದಾ

*

ಜರ್ಜೀಸ್
1 ಅಕ್ಟೋಬರ್ 1991

ರೌದಾ ಮಗಳೇ,

ನಿನ್ನ ಕಾಗದವನ್ನು ಮೂರು ಸಲ ಓದಿಸಿಕೊಂಡರು. ಕುರಿಯ ಭಾಗ ನಾಲ್ಕು ಸಲ. ಆಮೇಲೆ ಹೊರಗೆ ಹೋಗಿ, ನನ್ನನ್ನು ಒಂದು ಮಾತು ಕೇಳದೆ, ಪುದೀನವನ್ನೆಲ್ಲ ಕಿತ್ತು ಬಕೆಟ್ಟಿಗೆ ಹಾಕಿ ಕಲ್ಲು ತೊಳೆಯಲು ಕೂತರು. “ಅದು ನನ್ನ ಪುದೀನ!” ಅಂದೆ. “ಇದು ಖಲೀಫಾನ ಕಲ್ಲು” ಅಂದರು. ನಲವತ್ತು ವರ್ಷ ಸಂಸಾರ ಮಾಡಿದ್ದೇನೆ, ಇಂಥ ಕಡೆ ಬಾಯಿ ಮುಚ್ಚಿಕೊಳ್ಳಬೇಕು ಎಂದು ಗೊತ್ತು.

ಶನಿವಾರ ಮೀನಿನ ಲಾರಿಯಲ್ಲಿ ಕಲ್ಲಿನ ಜೊತೆ ಬರುತ್ತಾರೆ. ನಾಲ್ಕು ದಿನ ಇರುತ್ತಾರೆ. ಖಾರ ಆಗುವುದಿಲ್ಲ ಎನ್ನುತ್ತಾರೆ, ನಂಬಬೇಡ. ಹರೀಸಾ ಚಟ್ನಿಯ ಡಬ್ಬಿಯನ್ನೇ ಮುಂದಿಡು. ಏಣಿ ಹತ್ತುವಾಗ ಕೆಳಗೆ ಯಾರಾದರೂ ಹಿಡಿದಿರಲಿ. ಹಿಡಿದಿದ್ದಾರೆ ಎಂದು ಅವರಿಗೆ ಗೊತ್ತಾಗಬಾರದು.

ಶಾದ್ಲಿಯಾ

*

ಅಜೀಮ್
10 ಅಕ್ಟೋಬರ್ 1991

ಶಾದ್ಲಿಯಾ ಚಿಕ್ಕಮ್ಮ,

ನಿಮ್ಮ ಯಜಮಾನರು ನಿನ್ನೆ ಹೊರಟರು. ಈ ಕಾಗದಕ್ಕಿಂತ ಮೊದಲೇ ತಲುಪಿರುತ್ತಾರೆ. ಅವರು ಹೇಳದೆ ಬಿಡುವುದನ್ನು ನಾನು ಬರೆಯುತ್ತೇನೆ.

ಬಂದವರು ಮೊದಲು ನನ್ನನ್ನು ನೋಡಲಿಲ್ಲ, ಮನೆಯನ್ನು ನೋಡಿದರು. ಛಾವಣಿಯ ಕಮಾನಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ಬೈಗುಳ ಶುರು. “ಓದಿದವಳೇ, ಇದಕ್ಕೆ ಸಿಮೆಂಟ್ ಬಳಿದ ಕೈ ಯಾವುದು, ಎಡದ್ದಾ ಬಲದ್ದಾ? ಒಂದನ್ನ ಕತ್ತರಿಸಿಬಿಡೋಣ.” ಎರಡು ದಿನ ಸುಣ್ಣ ನೆನೆಸಿದರು, ಕಲಸಿದರು, ಬಳಿದರು. ನಾನು ಏಣಿ ಹಿಡಿದಿದ್ದೆ. “ನನ್ನ ಏಣಿ ಹಿಡಿಯೋದು ಬಿಟ್ಟು ಬೇರೆ ಕೆಲಸ ಇಲ್ವಾ ನಿಂಗೆ?” ಎಂದರು. ಅಂದರೆ ಗೊತ್ತಾಗಿಯೇ ಹೋಯಿತು.

ತಸ್ನೀಮ್ ಅವರನ್ನು ಬಿಡಲಿಲ್ಲ. ಮೂರನೆಯ ದಿನ ಅವರು ತೊಟ್ಟಿಯ ಬಾಯಿಯ ಪಕ್ಕ ಕೂತು ಅಳತೆ ತೆಗೆಯುತ್ತಿದ್ದರು. ಇವಳು ತೆವಳಿ ತೆವಳಿ ಅಲ್ಲಿಗೇ ಹೊರಟಳು. ನನ್ನ ಕಿರುಚಾಟಕ್ಕೆ ಪಕ್ಕದ ಮನೆಯವರು ಓಡಿ ಬಂದರು. ಮಾವ ಕದಲಲಿಲ್ಲ. ಕಾಲೊಂದನ್ನು ಅಡ್ಡ ಚಾಚಿದರು, ಇವಳು ಅದಕ್ಕೆ ಒರಗಿಕೊಂಡು ಅವರ ಚಪ್ಪಲಿ ನೆಕ್ಕತೊಡಗಿದಳು. “ನೋಡು, ನಿನ್ನ ಬಾಟಲಿ ನೀರಿಗಿಂತ ರುಚಿಯಂತೆ” ಎಂದರು. ನಾನು ಅಳುತ್ತಿದ್ದೆ, ನಗುವೂ ಬಂತು. ಅವರು ಎದ್ದು ಹೋಗಿ ಇನ್ನೂ ಇಪ್ಪತ್ತು ಕಲ್ಲು ತಂದರು. ಬಾಯಿಕಲ್ಲಿನ ಕೆಳಗೆ ಒಂದು ಸಾಲು ಸಾಕಿತ್ತಂತೆ. ಎರಡು ಸಾಲು ಕಟ್ಟಿದರು. ಈಗ ಅದು ನನ್ನ ಸೊಂಟದಷ್ಟು ಎತ್ತರ. ಮೇಲೆ ಆಲಿವ್ ಮರದ ಮುಚ್ಚಳ, ಅದಕ್ಕೆ ಕಬ್ಬಿಣದ ಚಿಲಕ.

ಕೊನೆಯ ದಿನ ಕಲ್ಲು ಕೂರಿಸಿ ಛಾವಣಿಯ ಮೇಲೆ ಊಟಕ್ಕೆ ಕೂತೆವು. ಅಕ್ಟೋಪಸ್ಸನ್ನು ಮೆತ್ತಗಾಗಲು ಬಂಡೆಯ ಮೇಲೆ ಬಡಿದದ್ದು ಸಾಲದೆ ಸ್ವಲ್ಪ ಗಟ್ಟಿಯೇ ಆಗಿತ್ತು. ಅವರು ತಟ್ಟೆ ಮುಗಿಸಿದರು, ಇನ್ನೊಂದು ಕೇಳಿದರು. ನಾನು ಮರೆತು ಅಪ್ಪನದೂ ಸೇರಿ ಮೂರು ತಟ್ಟೆ ಹಾಕಿದ್ದೆ. ಖಾಲಿ ತಟ್ಟೆ ನೋಡಿ, “ಇರಲಿ ಬಿಡು, ಅವನು ಯಾವಾಗಲೂ ಲೇಟು” ಎಂದರು.

ಹೊರಡುವಾಗ ಬೆರಳೆತ್ತಿ ಹೇಳಿದ್ದು ಒಂದೇ. “ಮೊದಲ ಮಳೆ ಛಾವಣಿಯ ಸ್ನಾನ. ಅದನ್ನ ಹೊರಗೆ ಬಿಡು. ಎರಡನೇ ಮಳೆ ತೊಟ್ಟಿಗೆ. ಅದು ತಿಳಿಯಾದ ಮೇಲೆ ಹಜ್ಜಾನ ಕರಿ. ಆತುರಪಟ್ಟೀಯಾ ಮತ್ತೆ!”

ಪುದೀನದ ವಿಷಯಕ್ಕೆ ಕ್ಷಮಿಸಿ.

ರೌದಾ

*

ಅಜೀಮ್
17 ನವೆಂಬರ್ 1991

ಮಾವ, ಚಿಕ್ಕಮ್ಮ,

ಮೊದಲ ಮಳೆ ಅಕ್ಟೋಬರ್ 28ಕ್ಕೆ ಬಂತು. ಅರ್ಧ ದಿನ ಸುರಿಯಿತು. ನೀವು ಹೇಳಿದಂತೆ ತೊಟ್ಟಿಗೆ ಇಳಿಯುವ ಕಾಲುವೆಗೆ ಚಿಂದಿ ತುರುಕಿ ನೀರನ್ನೆಲ್ಲ ಬೀದಿಗೆ ಬಿಟ್ಟೆ. ಬಿಡುತ್ತಾ ಅಲ್ಲೇ ಕೂತಿದ್ದೆ. ಆಮೇಲೆ ಇಪ್ಪತ್ತು ದಿನ ಒಂದು ಹನಿಯಿಲ್ಲ. ಆಕಾಶ ತೊಳೆದ ತಟ್ಟೆಯಂತಿದೆ.

ನೆಜೀಬ್ ಟ್ಯಾಂಕರ್ ತರಿಸೋಣ ಎನ್ನುತ್ತಿದ್ದಾನೆ. “ತೊಟ್ಟಿಗೆ ಸುರಿಸಿಬಿಡು. ಯಾರಿಗೆ ಗೊತ್ತಾಗುತ್ತೆ? ಫ್ಲಾಟ್‌ನವನು ಡಿಸೆಂಬರ್ ದಾಟಿ ಒಂದು ದಿನಾನೂ ನಿಲ್ಲಲ್ಲ.” ಅವನದ್ದೂ ತಪ್ಪಲ್ಲ. ಮಗಳು ಹೋದ ಭಾನುವಾರ ಅವನನ್ನು ನೋಡಿ ಅಪರಿಚಿತ ಎಂದು ಅತ್ತಳು. ಅವನು ನಗುತ್ತಾ ಆಚೆ ಹೋಗಿ ಸಿಗರೇಟು ಹಚ್ಚಿಕೊಂಡ. ಅವನು ಸಿಗರೇಟು ಬಿಟ್ಟು ಎರಡು ವರ್ಷವಾಗಿತ್ತು.

ತರಿಸಲೇ? ಬೇಗ ಬರೆಯಿರಿ.

ರೌದಾ

*

ಜರ್ಜೀಸ್
21 ನವೆಂಬರ್ 1991

ರೌದಾಗೆ,

“ಬರಿ. ತರಿಸಬಹುದು, ತೊಟ್ಟಿ ಅವಳದ್ದು. ಆದ್ರೆ ಮನ್ನೂಬಿಯಾ ನಾಲಿಗೆ ನಂಗೊತ್ತು. ಟ್ಯಾಂಕರ್ ನೀರಲ್ಲಿ ಕಬ್ಬಿಣದ ವಾಸನೆ ಇರುತ್ತೆ. ಬಾಯಿಗಿಟ್ಟ ಕೂಡಲೇ ಹೇಳ್ತಾಳೆ. ಒಂದ್ಸಲ ನೀರು ಮುಚ್ಚಿಟ್ಟು ಕೆಟ್ಟಿದ್ದಾಳೆ. ಇನ್ನೊಂದ್ಸಲ ಬೇಡ. ಅಷ್ಟೇ.”

ಅಷ್ಟೇ ಎಂದರು. ಆದರೆ ದಿನಾ ಬೆಳಿಗ್ಗೆ ಎದ್ದು ನಿಮ್ಮ ಕಡೆಯ ಆಕಾಶ ನೋಡುತ್ತಾರೆ. ನಮ್ಮ ತೋಟ ಒಣಗಿದೆ, ಆ ಕಡೆ ತಿರುಗಿಯೂ ನೋಡುವುದಿಲ್ಲ.

ನೀನು ಮಲಗು ಮಗಳೇ. ಈಗ ಬಾಯಿಕಲ್ಲಿದೆ, ಚಿಲಕವಿದೆ. ಎಣಿಸುವುದಕ್ಕೆ ಇನ್ನೇನು ಉಳಿದಿದೆ?

ಶಾದ್ಲಿಯಾ

*

ಅಜೀಮ್
11 ಡಿಸೆಂಬರ್ 1991

ಮಾವ, ಚಿಕ್ಕಮ್ಮ,

ಬಂತು! ಮೂರನೇ ತಾರೀಖು ಬೆಳಿಗ್ಗೆ ಶುರುವಾದದ್ದು ಮರುದಿನ ಮಧ್ಯಾಹ್ನದವರೆಗೂ ನಿಲ್ಲಲಿಲ್ಲ. ತೊಟ್ಟಿಯೊಳಗೆ ನೀರು ಬೀಳುವ ಸದ್ದು ಮೊದಲು ತಟ್ಟೆ ಬಡಿದಂತೆ, ಆಮೇಲೆ ಯಾರೋ ದಪ್ಪ ದನಿಯಲ್ಲಿ ಮಾತಾಡುವಂತೆ. ಮಳೆ ನಿಂತ ಕೂಡಲೇ ತಸ್ನೀಮ್ ಬಾಯಿಕಲ್ಲು ಹಿಡಿದುಕೊಂಡು ಎದ್ದು ನಿಂತಳು. ಅವಳು ಮೊದಲ ಸಲ ನಿಂತದ್ದು. ನಾನು ಕಿರುಚಲಿಲ್ಲ. ಹೋಗಿ ಚಿಲಕ ನೋಡಿದೆ, ಅಷ್ಟೇ. ಸರಿ, ಎರಡು ಸಲ ನೋಡಿದೆ.

ಐದು ದಿನ ತಿಳಿಯಾಗಲು ಬಿಟ್ಟು ಸೋಮವಾರ ಹಜ್ಜಾಗೆ ಹೇಳಿಕಳಿಸಿದೆ. ಬರುತ್ತಾಳೋ ಇಲ್ಲವೋ ಎಂದುಕೊಂಡಿದ್ದೆ. ಬಂದಳು. ಬಾಗಿಲಲ್ಲೇ ನಿಂತು, “ಏನು, ಬಾಟಲಿ ಖಾಲಿಯಾಯ್ತಾ?” ಎಂದಳು. ನಾನು ಮುಚ್ಚಳ ತೆಗೆದು, ಹಗ್ಗ ಬಿಟ್ಟು, ಅವಳ ಕಣ್ಣೆದುರಿಗೇ ಸೇದಿ ಲೋಟ ತುಂಬಿಸಿದೆ. ಅವಳು ಕೈ ಚಾಚಲಿಲ್ಲ.

“ನೀನು ಮೊದಲು ಕುಡಿ.”

ನಾನು ಆ ನೀರು ಕುಡಿದು ಒಂದೂವರೆ ವರ್ಷವಾಗಿತ್ತು. ಸೂಕ್ಷ್ಮದರ್ಶಕದ ಆ ಹನಿ ಕಣ್ಣಮುಂದೆ ಬಂತು. ಕುಡಿದೆ. ತಣ್ಣಗೆ, ಸ್ವಲ್ಪ ಸುಣ್ಣದ ಸಿಹಿ. ಅಪ್ಪ ಸಮುದ್ರದಿಂದ ಬಂದಾಗ ಒಂದೇ ಉಸಿರಿಗೆ ಕುಡಿದು ‘ಹಾ’ ಎನ್ನುತ್ತಿದ್ದ ನೀರು. ನನ್ನ ಬಾಯಿಂದಲೂ ‘ಹಾ’ ಬಂದುಬಿಟ್ಟಿತು.

ಹಜ್ಜಾ ಅದೇ ಲೋಟ ತುಂಬಿಸಿಕೊಂಡು ಕಣ್ಣು ಮುಚ್ಚಿ ಕುಡಿದಳು. ಅವಳು ಏನಾದರೂ ಹೇಳುವ ಮೊದಲೇ ನಾನು ಹೇಳಿಬಿಟ್ಟೆ. “ಹಜ್ಜಾ, ನಾನು ಮಗುವಿಗೆ ಮಾತ್ರ ಕುದಿಸಿಯೇ ಕೊಡೋದು. ಅದನ್ನ ಬಿಡಲ್ಲ.” ಇಷ್ಟು ದಿನ ಮುಚ್ಚಿಟ್ಟದ್ದು ಸಾಕಾಗಿತ್ತು.

ಅವಳು ಕಣ್ಣು ತೆರೆದಳು. “ಕುದಿಸು ಮಾರಾಯ್ತಿ, ಯಾರು ಬೇಡ ಅಂದ್ರು? ನಾನೂ ಐದು ಮಕ್ಕಳಿಗೆ ಕುದಿಸಿದ್ದೀನಿ. ಅದು ತಾಯಿ ಭಯ. ಆದ್ರೆ ಮನೆಗೆ ಬಂದವರಿಗೆ ನಿನ್ನ ಮನೆ ಮೇಲೆ ನಿನಗೇ ನಂಬಿಕೆ ಇಲ್ಲ ಅಂತ ತೋರಿಸ್ತಾರೇನೆ?”

ಆಮೇಲೆ ಹಗ್ಗ ತಾನೇ ಹಿಡಿದು ಒಂದು ಸಲ ಸೇದಿದಳು. ಮತ್ತೊಮ್ಮೆ ಸೇದಿದಳು. ಸೊಂಟದ ಮೇಲೆ ಕೈಯಿಟ್ಟುಕೊಂಡು ಬಾಯಿಕಲ್ಲನ್ನು ನೋಡಿದಳು. “ಇದು ಮಬ್ರೂಕನ ಕೈ. ಇಷ್ಟು ಎತ್ತರ ಯಾಕೆ ಕಟ್ಟಿದಾನೆ?”

“ಮಗು ಇದೆಯಲ್ಲ ಹಜ್ಜಾ, ಅದಕ್ಕೆ.”

“ಬಗ್ಗೋದೇ ಬೇಕಾಗಿಲ್ಲ” ಎಂದಳು, ತನಗೆ ತಾನೇ ಹೇಳಿಕೊಳ್ಳುವಂತೆ. “ಮೂವತ್ತು ವರ್ಷದಿಂದ ಬಗ್ಗಿ ಬಗ್ಗಿ ನೀರು ಸೇದಿದ ಸೊಂಟ ಇದು.”

ಕೋಣೆಗಳನ್ನು ನೋಡಲೇ ಇಲ್ಲ. ಇನ್ನೊಂದು ಲೋಟ ಕೇಳಿದಳು. ನಿನ್ನೆ ಕಾಗದಪತ್ರವಾಯಿತು. ಇಪ್ಪತ್ತೆಂಟಕ್ಕೆ ಹೊರಡುತ್ತೇವೆ.

ಸಂತೋಷದಿಂದ,
ರೌದಾ

*

ಗಾಬಿಸ್
14 ಜನವರಿ 1992

ಚಿಕ್ಕಮ್ಮ,

ಫ್ಲಾಟ್ ಚಿಕ್ಕದು, ಬೆಳಕು ಚೆನ್ನಾಗಿದೆ. ನೆಜೀಬ್ ಸಂಜೆ ಐದಕ್ಕೇ ಮನೆಗೆ ಬರುತ್ತಾನೆ; ತಸ್ನೀಮ್ ಅವನ ಮೀಸೆ ಹಿಡಿದು ಎಳೆಯುತ್ತಾಳೆ. ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ಆದರೆ ಉಪ್ಪುಪ್ಪು. ಮೊನ್ನೆ ಮೇಲಿನ ಮನೆಯವಳು ಪರಿಚಯ ಮಾಡಿಕೊಳ್ಳಲು ಬಂದಳು. ಅವಳಿಗೆ ಬಾಟಲಿ ನೀರನ್ನೇ ಕೊಟ್ಟೆ. ಏನೂ ಅನ್ನಲಿಲ್ಲ, ಕುಡಿದಳು. ಇಲ್ಲಿ ಎಲ್ಲರ ಮನೆಯಲ್ಲೂ ಅಂಗಡಿ ನೀರೇ. ನನಗೇ ಒಂಥರಾ ನಾಚಿಕೆಯಾಯಿತು.

ಹೋದ ಗುರುವಾರ ಒಂದೇ ಸಮನೆ ಏಳು ತಾಸು ಮಲಗಿದೆ. ಎದ್ದಾಗ ಮಗು ಸತ್ತೇ ಹೋಗಿದೆ ಎಂದು ಹೆದರಿ ಓಡಿದೆ; ಅಪ್ಪ ಮಗಳು ನೆಲದ ಮೇಲೆ ಕೂತು ಬ್ರೆಡ್ ತಿನ್ನುತ್ತಿದ್ದರು. ಮತ್ತೆ ಮಲಗಿದೆ.

ಸಾಮಾನು ಕಟ್ಟುವಾಗ ಅಟ್ಟದಲ್ಲಿ ಅಪ್ಪನ ಅಕ್ಟೋಪಸ್ ಹಿಡಿಯುವ ಮಣ್ಣಿನ ಮಡಕೆಗಳು ಸಿಕ್ಕವು. ಒಂದನ್ನು ಜರ್ಜೀಸ್ ಬಸ್ಸಿನ ಚಾಲಕನ ಕೈಯಲ್ಲಿ ಕಳಿಸಿದ್ದೇನೆ. ತಳದಲ್ಲಿ ಹಗ್ಗ ಕಟ್ಟುವ ತೂತಿದೆ, ನೀರು ನಿಲ್ಲುವುದಿಲ್ಲ. ನಿಮ್ಮ ಪುದೀನಕ್ಕೆ.

ರೌದಾ

*

ಜರ್ಜೀಸ್
9 ಫೆಬ್ರವರಿ 1992

ಮಗಳೇ,

ಮಡಕೆ ಮುಟ್ಟಿತು. ಒಂದು ಅಂಚು ಸೀಳಿತ್ತು, ಇವರು ಸುಣ್ಣ ಕಲಸಿ ಮೆತ್ತಿದರು. ಬಕೆಟ್ಟಿನಲ್ಲಿ ಸಾಯುತ್ತಿದ್ದ ಪುದೀನ ಅದರಲ್ಲಿ ಚಿಗುರಿದೆ.

ನನಗೆ ನೀರು ಹಾಕಲು ಬಿಡುವುದಿಲ್ಲ. ಬೆಳಿಗ್ಗೆ ಎದ್ದವರೇ ಚೊಂಬು ತುಂಬಿಸಿಕೊಂಡು ಹೋಗುತ್ತಾರೆ. ನಿನ್ನೆ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡೆ. ಬಗ್ಗಿ ನೀರು ಹಾಕುತ್ತಾ ಹೇಳುತ್ತಿದ್ದರು: “ಕುಡಿಯೋ ಖಲೀಫಾ. ಊಟ ಚೆನ್ನಾಗಿತ್ತು.”

ಶಾದ್ಲಿಯಾ